ಹೇಳಿ ಕಳಿಸುತ್ತೇವೆ

ವಾಲ್ಪರೈಸೊ ಗುಡ್ಡದ ಬೆನ್ನಿಗೆ ಅಂಟಿಕೊಂಡ ಹಳೇ ಏರುಬಂಡಿ,
ಒಂದು ಹತ್ತಿದರೆ ಇನ್ನೊಂದು ಇಳಿಯುವ ಜೋಡಿ ಡಬ್ಬಿ,
ಏಳು ವರ್ಷದಿಂದ ನಿಂತೇ ಇತ್ತು.
ರಿಪೇರಿ ಮುಗಿಯಿತಂತೆ, ಆಳು ಬೇಕಂತೆ,
ಚಕ್ರದ ಕೋಣೆಯಲ್ಲಿ ಕೂತು ಬ್ರೇಕು ಹಿಡಿಯಲು.
ಕಂಬಕ್ಕೆ ಅಂಟಿಸಿದ್ದ ಚೀಟಿಯನ್ನು
ಮೀನು ಮಾರುವ ನಿಬಾಲ್ದೊ ಕಿತ್ತೇ ತಂದುಕೊಟ್ಟ,
ಬೇರೆ ಯಾರೂ ಓದದಿರಲಿ ಅಂತ.

ಹನ್ನೊಂದು ವರ್ಷ ಬಂದರಿನ ಕ್ರೇನು ನಡೆಸಿದವಳು ನಾನು, ಮಿರ್ತಾ.
ಕಂಟೇನರು ಇಳಿಸಿದರೆ ಒಳಗಿನ ಗಾಜಿಗೆ ನಿದ್ದೆ ಕೆಡುತ್ತಿರಲಿಲ್ಲ.
ಯಂತ್ರ ತಾನೇ ನಡೆಯಲು ಕಲಿತ ದಿನ ನನ್ನನ್ನು ಇಳಿಸಿದರು.
ಅದನ್ನಾದರೂ ಮುಖಕ್ಕೆ ಹೇಳಿದ್ದರು.

ಮೊದಲ ಸಂದರ್ಶನ ಫೋನಿನ ಎದುರು,
ಅಂದರೆ ನನ್ನ ಮುಖದ ಎದುರೇ. ಅತ್ತ ಯಾರೂ ಇಲ್ಲ.
ಪ್ರಶ್ನೆ ಅಕ್ಷರವಾಗಿ ಬರುತ್ತದೆ,
ತೊಂಬತ್ತು ಸೆಕೆಂಡು ಇಳಿಯುತ್ತಾ ಹೋಗುತ್ತದೆ.
ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?
ನನಗೆ ನಾನೇ ನಕ್ಕೆ, ನನಗೆ ನಾನೇ ತಲೆದೂಗಿದೆ,
ದೌರ್ಬಲ್ಯದ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮುಗಿದು
ಬಾಯಿ ತೆರೆದ ನನ್ನ ಚಿತ್ರ ಹಾಗೇ ನಿಂತುಬಿಟ್ಟಿತು.

ಎರಡನೆಯದಕ್ಕೆ ಕಚೇರಿಗೇ ಕರೆದರು.
ಹತ್ತಕ್ಕೆ ಅಂದವರು ಹನ್ನೆರಡೂವರೆಗೆ ಒಳಗೆ ಬಿಟ್ಟರು.
ಹುಡುಗಿಯೊಬ್ಬಳು ನನ್ನ ಅರ್ಜಿಯನ್ನು
ನನ್ನೆದುರೇ ಮೊದಲ ಸಲ ಓದಿ, ಎತ್ತರವೆಂದರೆ ಭಯವೇ, ಎಂದಳು.
ಮೂರನೆಯದರಲ್ಲಿ ಮೀಸೆಯವನು. ಅದೇ ಪ್ರಶ್ನೆ.
ಮೊನ್ನೆ ಅವರಿಗೆ ಹೇಳಿದೆನಲ್ಲ, ಅಂದೆ.
ಅವರು ಈಗ ಇಲ್ಲಿಲ್ಲ, ಅಂದ.
ಕೈ ಕುಲುಕಿದ. ಬೆಚ್ಚಗಿನ ಕೈ. ಬಾಗಿಲವರೆಗೂ ಬಂದ.
ಈ ವಾರದೊಳಗೆ ಹೇಳಿ ಕಳಿಸುತ್ತೇವೆ.

ಕಳಿಸುತ್ತೇವೆ.
ಇಂದಿಗೂ ಸಲ್ಲುವ, ನಾಳೆಗೂ ಸಲ್ಲುವ,
ಯಾವ ದಿನದ ಕೈಗೂ ಸಿಕ್ಕದ ಕ್ರಿಯಾಪದ.

ಫೋನು ಬಚ್ಚಲಿಗೂ ಬಂತು, ಟವೆಲ್ಲಿನ ಮೇಲೆ ಕೂತಿತು.
ಬ್ರೆಡ್ಡಿನ ಸಾಲಲ್ಲಿ ತೊಡೆ ತಾನೇ ನಡುಗಿ
ತೆಗೆದು ನೋಡಿದರೆ ಏನೂ ಇಲ್ಲ.
ಒಮ್ಮೆ ಬಂತು. ಹಲ್ಲಿನ ವಿಮೆಯವನು.
ಯೋಚಿಸಿ ಹೇಳುತ್ತೇನೆ, ಅಂದೆ. ಪಾಪ, ನಂಬಿದ.

ನಾನೇ ಮಾಡಿದೆ. ಸಂಗೀತ.
ನಿಮ್ಮ ಕರೆ ನಮಗೆ ಅಮೂಲ್ಯ.
ಅಮೂಲ್ಯವೇ ಸರಿ; ಬೆಲೆಯೇ ಇಲ್ಲ.
ಬರೆದೆ. ಎರಡೇ ನಿಮಿಷದಲ್ಲಿ ಉತ್ತರ:
ಈ ವಿಳಾಸಕ್ಕೆ ಬರೆಯಬೇಡಿ.

ಇಲ್ಲ ಅಂದಿದ್ದರೆ ಒಂದು ಸಂಜೆ ಅಳುತ್ತಿದ್ದೆ,
ನಿಬಾಲ್ದೊನ ಹೆಂಡತಿಯ ಎದುರು ಕೂತು.
ಆಮೇಲೆ ಈರುಳ್ಳಿ ಹೆಚ್ಚುತ್ತಿದ್ದೆ.
ಎರಡೇ ಎರಡು ಅಕ್ಷರ. ಅದಕ್ಕೂ ಜಿಪುಣತನ.

ಉತ್ತರ ಕೊನೆಗೆ ಬಂದದ್ದು ಕಿಟಕಿಯಿಂದ.
ಮಂಜು ಕವಿದ ಮಂಗಳವಾರ, ಚಹಾಕ್ಕೆ ನೀರಿಟ್ಟಿದ್ದೆ.
ಉಕ್ಕಿನ ಹಗ್ಗ ಬಿಗಿಯುವ ಸದ್ದು,
ಹಿಂದೆಯೇ ಚಕ್ರ ಗೊಣಗುವ ಸದ್ದು, ಏಳು ವರ್ಷದ ಮೇಲೆ.
ಕೇರಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.
ಬಂಡಿ ಹೊರಟಿತ್ತು.
ಬ್ರೇಕಿನ ಮೇಲೆ ಯಾರದೋ ಕೈ ಇತ್ತು.

ಇಸ್ತ್ರಿ ಮಾಡಿಟ್ಟು ಧೂಳು ಕೂತಿದ್ದ ನೀಲಿ ಅಂಗಿ
ಕೊಡವಿ ಹಾಕಿಕೊಂಡೇ ಹೋದೆ, ಜಗಳಕ್ಕೆ.
ಮೇಲಿನ ಕೋಣೆಯಲ್ಲಿ ಎಲಿಸೆಯೊ ಅನ್ನುವ ಹುಡುಗ,
ಇಪ್ಪತ್ತೆರಡಿರಬಹುದು,
ಸನ್ನೆಕೋಲು ಹಿಡಿದ ಬೆರಳು ಬಿಳಿಚಿಕೊಂಡಿದ್ದವು.
ನಿನಗೆ ಯಾವಾಗ ಹೇಳಿದರು?
ನಿನ್ನೆ ರಾತ್ರಿ ಬೀಗದ ಕೈ ಕೊಟ್ಟರು, ಸೆನ್ಯೋರಾ.
ಸಂಬಳ ಎಷ್ಟೆಂದು ಹೇಳಿ ಕಳಿಸುತ್ತಾರಂತೆ.

ಕೆಳಗೆ ಡಬ್ಬಿ ಕಿರುಗುಟ್ಟಿತು. ಅವನು ಬೆಚ್ಚಿದ.
ಎಡಗಡೆ ಗ್ರೀಸು ಒಣಗಿದೆ, ಅಂದೆ.
ಅಷ್ಟು ಬಿಗಿ ಹಿಡಿಯಬೇಡ. ಸವರಿದಂತಿರಲಿ.
ಎಲ್ಲಿ ನಿಲ್ಲಬೇಕೆಂದು ಭಾರವೇ ಹೇಳುತ್ತದೆ.
ಡಬ್ಬಿ ನಿಂತಿತು, ಸ್ವಲ್ಪ ಕುಲುಕಿ.
ಇಬ್ಬರು ಇಳಿದರು, ಯಾರೂ ನಮ್ಮ ಕಡೆ ನೋಡಲಿಲ್ಲ.

ಮೆಟ್ಟಿಲು ಇಳಿಯುವಾಗ ಫೋನು ನಡುಗಿತು, ಈ ಸಲ ನಿಜವಾಗಿ.
ಸಂದರ್ಶನದ ಅನುಭವ ಹೇಗಿತ್ತು?
ಐದರಲ್ಲಿ ಎಷ್ಟು ನಕ್ಷತ್ರ?

ಹಗಲಲ್ಲೇ ತೋರಿಸಿದವರು
ಈಗ ಎಣಿಸು ಅನ್ನುತ್ತಾರೆ.
ಬೆರಳು ಎತ್ತಿದೆ,
ಒಲೆಯ ಮೇಲೆ ನೀರು ಬಿಟ್ಟು ಬಂದದ್ದು ನೆನಪಾಗಿ
ಓಡಿದೆ.