ಏಳನೆಯ ‘ಬ’, ಊಟದ ನಂತರದ ಪೀರಿಯಡ್

ಬೆಕ್ಕು ಹಾಲು ಕುಡಿಯಿತು, ಎಂದು ಬರೆದೆ.
ಅದರ ಕೆಳಗೆ,
ಹಾಲು ಬೆಕ್ಕಿನಿಂದ ಕುಡಿಯಲ್ಪಟ್ಟಿತು.
ಅಷ್ಟರಲ್ಲಿ ಹಾರ್ಬರ್ ಲೈನಿನ ಗಾಡಿ ಬಂತು.
ಮೂರನೇ ಮಹಡಿಯ ಕಿಟಕಿ, ಡಸ್ಟರು, ನನ್ನ ದನಿ
ಅರ್ಧ ನಿಮಿಷ ಅದುರಿ ನಿಂತವು.

ಸದ್ದು ವಡಾಲದತ್ತ ಸರಿದ ಮೇಲೆ
ಸಾಯಬಣ್ಣ ಎದ್ದ:
‘ಹಾಲು ಖಾಲಿ ಆಗ್ಯದಲ್ರೀ ಟೀಚರ್,
ಇಲ್ಲದ್ದನ್ನ ಮುಂದ ಯಾಕ ಕುಂದ್ರಸ್ತೀರಿ?’

ಇಂಗ್ಲಿಷಿನ ರೀತಿಯೇ ಹಾಗೆ ಕಣೋ, ಅಂದೆ.
ಮಾಡಿದವನು ಹಿಂದೆ ಹೋಗಬೇಕು,
ಬೆಸ್ಟ್ ಬಸ್ಸಿನಲ್ಲಿ ಕೊನೆಗೆ ಹತ್ತಿದವನ ಹಾಗೆ
‘ಬೈ’ ಎಂಬ ಕಂಬಿ ಹಿಡಿದು ನಿಲ್ಲಬೇಕು.
ಜಾಗವಿಲ್ಲದಿದ್ದರೆ ಇಳಿದರೂ ನಡೆಯುತ್ತದೆ,
ಬಸ್ಸು ಹೋಗುತ್ತದೆ.
ಕರ್ಮ ಮಾತ್ರ ಮುಂದಿನ ಸೀಟಿಗೆ.

‘ಕರ್ಮ ಅಂದರ?’
ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ,
‘ನಮ್ಮವ್ವ ದಿನಾ ಹಣಿ ಬಡಕೊಂತಾಳಲ್ಲ, ಅದ!’
ಇಡೀ ತರಗತಿ ನಕ್ಕಿತು.
ಇಡೀ ತರಗತಿಯೆಂದರೆ ಹದಿಮೂರು ಜನ.
ಹೋದ ವರ್ಷ ಇಪ್ಪತ್ತೊಂದಿದ್ದರು.

ನಿಜ ಹೇಳಬೇಕೆಂದರೆ
ಈ ‘ಅಲ್ಪಟ್ಟಿತು’ವನ್ನು ನಾನೂ
ಮನೆಯಲ್ಲಿ ಯಾರ ಬಾಯಲ್ಲೂ ಕೇಳಿದವಳಲ್ಲ.
ನಮ್ಮಲ್ಲಿ ಹಾಲು ಚೆಲ್ಲುತ್ತದೆ, ಚೆಲ್ಲಿದವರಿಲ್ಲ.
ಬಸಿ ತಾನಾಗಿ ಒಡೆಯುತ್ತದೆ.
ಸಿಟ್ಟು ಬರುತ್ತದೆ, ನಿದ್ದೆ ಹತ್ತುತ್ತದೆ,
ಕೊಟ್ಟ ಮಾತು ಮರೆತುಹೋಗುತ್ತದೆ.
ಈ ಮಕ್ಕಳಿಗೂ ಅಷ್ಟೇ, ‘ಇಂಗ್ಲಿಷ್ ಬರೋದಿಲ್ಲ’,
ದಾದರಿನ ಫಾಸ್ಟ್ ಗಾಡಿ ಸಣ್ಣ ಸ್ಟೇಷನ್ನಿಗೆ ಬಾರದ ಹಾಗೆ.
ಅದು ಗಾಡಿಯ ತಪ್ಪೋ ಸ್ಟೇಷನ್ನಿನದೋ
ಯಾರೂ ವಿಚಾರಿಸಲು ಹೋಗುವುದಿಲ್ಲ.

ನಿಮ್ಮ ಮನೆಯದೇ ಐದು ವಾಕ್ಯ, ತಿರುಗಿಸಿ ಬರೆಯಿರಿ.

ತಾರಾನಾಥ ಮೊಗವೀರ ಮೊದಲು ಮುಗಿಸಿದ.
ಬಂಗುಡೆ ತರಲ್ಪಟ್ಟಿತು, ತೊಳೆಯಲ್ಪಟ್ಟಿತು,
ಹುರಿಯಲ್ಪಟ್ಟಿತು, ತಿನ್ನಲ್ಪಟ್ಟಿತು.
ಐದನೆಯದಕ್ಕೆ ಬಂಗುಡೆಯೇ ಉಳಿದಿರಲಿಲ್ಲ.

ಮಹಾನಂದಾ ಬರೆದಿದ್ದಳು,
ಮೊಬೈಲು ಒಡೆಯಲ್ಪಟ್ಟಿತು. ಚುಕ್ಕಿ.
ಯಾರಿಂದ? ಎಂದೆ.
‘ಅಣ್ಣ ಹೊಡಿತಾನ್ರೀ, ಅದನ್ನ ಬರಿಯಂಗಿಲ್ಲ.’
ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಪೂರ್ತಿ ಅಂಕ ಹಾಕಿದೆ.
ಹಾಕಿದ ಮೇಲೂ ಕೆಂಪು ಪೆನ್ನಿನ ಮುಚ್ಚಳ
ಸ್ವಲ್ಪ ಹೊತ್ತು ನನ್ನ ಕೈಯಲ್ಲೇ ಇತ್ತು.

ಚಂದಮ್ಮ ಬರಲೇ ಇಲ್ಲ ಮೇಜಿನ ಹತ್ತಿರ.
ನಾನೇ ಹೋದೆ.
ನಾಲ್ಕು ವಾಕ್ಯ ಆಗಿತ್ತು, ಅಕ್ಷರ ಗುಂಡಗೆ.
ಐದನೆಯದು,
ಅಪ್ಪ ದೀಪಾವಳಿಗೆ ಬರಲಿಲ್ಲ.
ಇಂಗ್ಲಿಷಿನಲ್ಲಿ ಒಂದು ತಪ್ಪಿಲ್ಲದೆ ಬರೆದಿದ್ದಳು.
ಅದರ ಕೆಳಗಿನ ಗೆರೆ ಉಜ್ಜಿ ಉಜ್ಜಿ ತೂತಾಗಿತ್ತು,
ತೂತಿನೊಳಗಿಂದ ಮುಂದಿನ ಪುಟ ಕಾಣುತ್ತಿತ್ತು.

‘ಹ್ಯಾಂಗ ತಿರುವಿದ್ರೂ ಬರವಲ್ದು ಟೀಚರ್.’

ಬರುವುದೇ ಇಲ್ಲಮ್ಮ ಅದು, ಅಂದೆ.
ಬರುವುದು, ಹೋಗುವುದು, ಅಳುವುದು, ನಗುವುದು,
ಇವು ಅಕರ್ಮಕ.
ಮುಂದೆ ತಂದು ಕೂರಿಸಲು ಅಲ್ಲಿ ಏನೂ ಇಲ್ಲ.
ಹೇಳಿದ್ದೆನಲ್ಲ ಆಗಲೇ,
ಎಂದವಳಿಗೆ ನೆನಪಾಯಿತು,
ಅದನ್ನು ಹೇಳುವಾಗಲೇ ಗಾಡಿ ಹೋಗಿತ್ತು.

‘ಹಂಗಾರ ತಪ್ಪು ನಂದಲ್ಲ?’
ಅಲ್ಲ.
‘ಐದಕ್ಕ ಐದು ಕೊಡ್ತೀರಿ?’

ಕೊಟ್ಟೆ.
ತೂತಿನ ಪಕ್ಕದಲ್ಲಿ, ಕಾಗದ ಇನ್ನಷ್ಟು ಹರಿಯದಂತೆ,
ಮೆಲ್ಲಗೆ.

ಗಂಟೆ ಹೊಡೆಯಿತು.
ಕಿಟಕಿಯಿಂದ ಬಗ್ಗಿ ನೋಡಿದೆ.
ದತ್ತಾರಾಮ ಕಾಕಾ, ಬಲಗೈ ಜೋಳಿಗೆಯಲ್ಲಿ,
ಎಡಗೈಯಿಂದ ಹೊಡೆಯುತ್ತಿದ್ದ.
ಒಂದು ಏಟು ತಪ್ಪಿತು.
ಸುತ್ತ ನೋಡಿ, ಮತ್ತೆ ಹೊಡೆದ.