ಕಲೆ, ಒಟ್ಟು ನಲವತ್ತೊಂದು

ಕೌಂಟೆಸ್ ಕುನಿಗುಂಡೆ ಕಣ್ಣುಮುಚ್ಚಿದ ಹದಿನೇಳನೆಯ ದಿನ
ಐಶೆನ್‌ಗ್ರುಂಡಿನ ಕೋಟೆಮನೆಗೆ ನನ್ನನ್ನಟ್ಟಿದರು
ಪಟ್ಟಿ ಬರೆಯಲು.
ಫೆಬ್ರವರಿ. ದೌತಿಯೊಳಗೆ ಮಸಿ ಹೆಪ್ಪುಗಟ್ಟಿ
ಕಂಕುಳಲ್ಲಿಟ್ಟು ಕರಗಿಸಿ ಕರಗಿಸಿ ಬರೆದೆ.

ಆಸ್ಟ್ರಿಚ್ ಮೊಟ್ಟೆ, ಬೆಳ್ಳಿಯ ಕಾಲಿನದು, ಒಂದು.
ಚೀನಾದ ಪಿಂಗಾಣಿ ಬಟ್ಟಲು, ನಾನೂರ ಹನ್ನೆರಡು;
ಒಂದಕ್ಕೂ ತುಟಿ ತಾಗಿದ ಗುರುತಿಲ್ಲ.
‘ಅಮ್ಮಾವ್ರು ಬಿಯರ್ ಗಂಜಿ ಕುಡೀತಿದ್ದದ್ದು ಇದರಲ್ಲಿ’
ಎಂದು ತವರದ ಲೋಟ ತೋರಿಸಿದಳು ಮುದುಕಿ ಒಟಿಲೀ,
ತೋರಿಸಿ, ಏಪ್ರನ್ನಿನಡಿ ಬಚ್ಚಿಟ್ಟಳು.
ನಾನದನ್ನು ಕಾಣಲಿಲ್ಲ.
ನನ್ನ ಪಟ್ಟಿಯೂ ಕಾಣಲಿಲ್ಲ.

ಕೊನೆಯ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಎರಡು ಚಿತ್ರ.
ತಿರುಗಿಸಿದೆ. ಎರಡರಲ್ಲೂ ಅದೇ ಹುಡುಗಿ:
ಹದಿನಾಲ್ಕರ ಪ್ರಾಯ, ನೀಲಿ ರೇಷ್ಮೆ, ಬೆರಳ ನಡುವೆ ಕಾರ್ನೇಷನ್,
ನಕ್ಕರೆ ಬೈದಾರೆಂದು ಬಿಗಿದ ತುಟಿ.
ಒಂದರಲ್ಲಿ ಮುಖ ಹಾಲಿನ ಕೆನೆ.
ಇನ್ನೊಂದರಲ್ಲಿ ಮಳೆ ಬಿದ್ದ ಮರಳು.

ಒಟಿಲೀ ಬೂದಿ ಕೆದಕುತ್ತ ಹೇಳಿದಳು:
‘ಆ ಹಿಮದಲ್ಲಿ ಹೆಣ್ಣು ನೋಡೋಕೆ ಯಾರು ಬರ್ತಾರೆ ಸ್ವಾಮಿ?
ಪಟ ಹೋಗುತ್ತೆ.
ಮೂರು ಬರೆಸಿದ್ರು ಅವರಪ್ಪ, ಮೂರು ಆಸ್ಥಾನಕ್ಕೆ,
ಒಣಹುಲ್ಲಲ್ಲಿ ಸುತ್ತಿ, ಗಿಣ್ಣಿನ ಗಾಡೀಲಿ.
ಒಬ್ಬರಿಗೆ ಮೂಗು ಉದ್ದವಾಯ್ತು,
ಒಬ್ಬರಿಗೆ ವರದಕ್ಷಿಣೆ ಗಿಡ್ಡವಾಯ್ತು,
ಮೂರನೆಯವರು ಒಪ್ಪಿದ್ರು.
ಒಪ್ಪಿದ್ಮೇಲೆ, ಮದುವೆಗೆ ಮುಂಚೆ, ಸಿಡುಬು.

ಬಂಡಿಯಿಂದಿಳಿದ ಮುಖ ನೋಡಿದ ಗಂಡ, ಪಟ ನೋಡಿದ,
ಮತ್ತೆ ಮುಖ ನೋಡಲಿಲ್ಲ.
ಇಪ್ಪತ್ತೆರಡು ವರ್ಷ
ಅವನ ಕೋಣೇಲಿ ಪಟ, ಇವರ ಕೋಣೇಲಿ ಇವರು.’

ಗಂಡ ಸತ್ತ ವಾರವೇ ಕಾಗದ ಬರೆದರಂತೆ
ಆಂಟ್‌ವರ್ಪಿಗೆ, ಪ್ರಾಗಿಗೆ, ಚಿತ್ರ ಮಾರುವ ದಲ್ಲಾಳಿಗಳಿಗೆಲ್ಲ:
ನೀಲಿ ರೇಷ್ಮೆಯ ಹುಡುಗಿ ಎಲ್ಲಾದರೂ ಕಂಡರೆ ತಿಳಿಸಿ.
ದಲ್ಲಾಳಿಗಳು ಮೂಸಿದರು ಹಣದ ವಾಸನೆ.
ಹುಡುಗಿಯ ಬದಲು ಬಂದವು
ಸುಲಿದ ನಿಂಬೆಯ ಚಿತ್ರ, ಸತ್ತ ಮೊಲದ ಚಿತ್ರ, ಹವಳದ ಮರ,
ಮೊಟ್ಟೆ, ಬಟ್ಟಲು, ಕುಬ್ಜನೊಬ್ಬನ ದಂತದ ಗೊಂಬೆ.
ಹಿಂದಿರುಗಿಸಲು ಸಂಕೋಚ. ಕೊಂಡರು.
‘ವಾಪಸ್ಸು ಬರೋ ಅವಮಾನ ಏನೂಂತ
ನನಗೆ ಗೊತ್ತು ಕಣೇ ಅನ್ನೋರು,’ ಎಂದಳು ಒಟಿಲೀ.
ಊರೂರಲ್ಲಿ ಹೆಸರಾಯಿತು:
ಕಲೆಯೆಂದರೆ ಪ್ರಾಣ ಬಿಡುವ ಕೌಂಟೆಸ್.

ಒಂದು ಪಟ ಕೊನೆಗೂ ಸಿಕ್ಕಿತು, ಬೇಟೆಮನೆಯೊಂದರಲ್ಲಿ,
ನಾಯಿಗಳು ಮಲಗುವ ಜಾಗದ ಮೇಲೆ. ಹನ್ನೊಂದು ಟಾಲರ್.

ಆಗ ಕರೆಸಿದರು ಬರೆದವನನ್ನೇ,
ಯೋಸ್ಟ್ ಹಿಲ್ಲೆಬ್ರಾಂಟ್, ಕಣ್ಣಿಗೆ ಪೊರೆ ಬಂದ ಮುದುಕ.
ಕೈಗನ್ನಡಿ ಹಿಡಿದು ಕೂತು ತಾವೇ ಎಣಿಸಿ ಹೇಳಿದರು:
ಎಡಗೆನ್ನೆ ಹತ್ತೊಂಬತ್ತು. ಹಣೆ ಎಂಟು.
ಮೂಗಿನ ಪಕ್ಕದ್ದು ಮರೆಯಬೇಡ, ಅದು ಆಳ.
ಒಟ್ಟು ನಲವತ್ತೊಂದು.
ಮುದುಕ ಅತ್ತನಂತೆ. ಕೌಂಟೆಸ್ ಕೂಲಿ ಏರಿಸಿದರಂತೆ.
ಆಮೇಲೆ ಎರಡನ್ನೂ ಎದುರುಬದುರು ನಿಲ್ಲಿಸಿ
ನಡುವೆ ಕೂತು ಊಟ, ಒಂಬತ್ತು ವರ್ಷ.
‘ಸಾಯೋ ವಾರ, ತಿರುಗಿಸು ಅಂದ್ರು.
ಯಾಕೆ ಅಂತ ಕೇಳೋದು ನನ್ನ ಕೆಲಸವಲ್ಲ.’

ಸಂಜೆ ಬಂದ ಸೋದರಳಿಯ, ಕೌಂಟ್ ಲೆಬೆರೆಕ್ಟ್,
ಬೂಟಿನ ಹಿಮವನ್ನೂ ಕೊಡವದೆ ನೋಡಿ ಹೇಳಿದ:
‘ನುಣುಪಿನದು ಇವರ ಹೆಸರಲ್ಲೇ ಹೋಗಲಿ, ಬೆಲೆ ಬರುತ್ತೆ.
ಇದಕ್ಕೆ ಹುಳ ಹಿಡಿದಿದೆ. ಕೆಟ್ಟದ್ದು ಅಂತ ಬರಿ.’

ಅವನು ಹೋದ ಮೇಲೆ ಮಸಿಯನ್ನು ಕಂಕುಳಿಂದ ತೆಗೆದೆ.
ಮೊದಲಿನದಕ್ಕೆ: ಯಾರೋ ಹುಡುಗಿ, ಗುರುತಿಲ್ಲ.
ಎರಡನೆಯದಕ್ಕೆ: ಕೌಂಟೆಸ್ ಕುನಿಗುಂಡೆ. ಹೋಲಿಕೆ ಸರಿಯಿದೆ.

‘ಮೂರನೆಯದು?’ ಎಂದೆ.
ಒಟಿಲೀ ಒಲೆಯ ಮುಂದಿನ ಶಾಖದ ತಡಿಕೆಯನ್ನು ಸರಿಸಿ ತೋರಿಸಿದಳು.
ಯಾವ ಮನೆಯಲ್ಲೋ ಕತ್ತರಿಸಿ ಚೌಕಟ್ಟಿಗೆ ಬಿಗಿದಿದ್ದರು;
ಮುಖವಿಲ್ಲ, ರೇಷ್ಮೆ ಸುಟ್ಟು ಕಪ್ಪು,
ಒಂದು ಕೈ ಮಾತ್ರ, ಕಾರ್ನೇಷನ್ ಹಿಡಿದದ್ದು. ನಲವತ್ತು ಟಾಲರ್.

ಮುಟ್ಟಿದೆ.
ಇನ್ನೂ ಬಿಸಿಯಿತ್ತು.