ಬುರುಡೆಯ ಮೇಲೆ ಬರೆ

ಉರುಗ್ವೆ ನದಿಯ ದಂಡೆ, ಪೈಸಾಂದೂ ಊರು.
ಹಳೇ ಬಸ್ ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿ
ಎಲ್ಬಿಯೊ ಮೂರು ವಾರದಿಂದ
ಒಂದು ಬೆಳಕು ಆರಿಸುತ್ತಿದ್ದಾನೆ.

ಯಂತ್ರ ಅವನದೇ ಜೋಡಣೆ. ಅದರ ಹಾಸಿಗೆ
ಮುನ್ನೂರು ಮಿಲಿಮೀಟರ್ ಉದ್ದ, ನೂರೆಂಬತ್ತು ಅಗಲ.
ಅಷ್ಟರಲ್ಲೇ ಕಾಲು ಚಾಚಬೇಕು.
ಗಿರಗಿರ ತಿರುಗುವ ಅದರ ಹಲ್ಲು
ಹಲಗೆ ಕೊರೆಯುತ್ತದೆ, ತಾಮ್ರ ಕೆರೆಯುತ್ತದೆ,
ಸೋರೆಬುರುಡೆಗೆ ತಾಗಿತೋ, ಚಟ್ಟನೆ ಸೀಳು.
ಏಳು ಬುರುಡೆ ಹಾಗೇ ಹೋದವು.
ಏಳನೆಯದರ ಚೂರು ಕಿಸೆಯಲ್ಲಿರುವಾಗಲೇ
ಊಟಕ್ಕೆ ಕೂತಿದ್ದ.

ಮುಟ್ಟದೆ ಬರೆಯುವಂಥದು ಬೇಕು. ಲೇಸರ್.

ಪಟ್ಟಿಯಲ್ಲಿ ಮೊದಲನೆಯದು
'ನಲವತ್ತು ವ್ಯಾಟ್' ಎಂದು ಎದೆಯ ಮೇಲೆ ಬರೆದುಕೊಂಡಿದೆ.
ಗೋಡೆಯಿಂದ ಕುಡಿಯುವುದು ನಲವತ್ತು,
ಬೆಳಕಾಗಿ ಉಗುಳುವುದು ಐದೂವರೆ.
ಬುರುಡೆ ಕಾಣುವ ಮೊದಲೇ
ಬುರುಡೆ ಬಿಡುವ ಜಾತಿ.
ಇಪ್ಪತ್ತರದು ನಿಜಕ್ಕೂ ಇಪ್ಪತ್ತೇ, ಆದರೆ ಮುಕ್ಕಾಲು ಕಿಲೋ.
ಹೊತ್ತರೆ ಇವನ ಯಂತ್ರದ ತೋಳು
ಗ್ಯಾಸ್ ಸಿಲಿಂಡರ್ ಕಟ್ಟಿದ ಸೈಕಲ್ಲಿನ ಹಾಗೆ ವಾಲುತ್ತದೆ.
ತಂತಿ ಎರಡೋ ಮೂರೋ? ಹೊಗೆ ಊದುವ ಕೊಳವೆ ಉಂಟೋ?
ಚುಕ್ಕಿ ಎಷ್ಟು ಸಣ್ಣದು, ಕೂದಲೆಳೆಗಿಂತ?
ಹಳೇ ಟಿಕೆಟ್ ರೋಲಿನ ಬೆನ್ನಿಗೆ ರಾತ್ರಿಯಿಡೀ
ಲೆಕ್ಕ, ಕಾಟು, ಮತ್ತೆ ಲೆಕ್ಕ.

ಎದುರು ಮನೆಯ ಸೆಲ್ವಾ
ನಲವತ್ತು ವರ್ಷ ಸಣ್ಣ ಉಳಿಯಿಂದ ಬುರುಡೆಗೆ ಬರೆದವಳು:
ಕುದುರೆ, ಲಾಳ, ದೋಣಿ, ಮದುವೆಯಾಗುವವರ ಹೆಸರು,
ಮದುವೆ ಮುರಿದವರು ತಂದಾಗ
ಹೆಸರಿನ ಮೇಲೆ ಬಳ್ಳಿ.
ಈಗ ಬಲಗೈ ಸುಮ್ಮನಿದ್ದಾಗಲೂ ನಡುಗುತ್ತದೆ.
ದೋಣಿ ಕ್ಲಬ್ಬಿನವರ ಹನ್ನೊಂದು ಬುರುಡೆ
ಕಪಾಟಿನ ಮೇಲೆ ಬೋಳಾಗಿ ಕೂತಿವೆ.

ಅವಳು ಪಟ್ಟಿ ಓದಲಿಲ್ಲ.
ಬಿಸಿನೀರು ಹೊಯ್ದು ಮಾತೆ ಚಾಚಿದಳು.
(ಅವರಲ್ಲಿ ಬುರುಡೆಗೂ ಅದರೊಳಗಿನ ಕಹಿಗೂ
ಒಂದೇ ಹೆಸರು.)
'ನಿನ್ನ ಕೈಯಲ್ಲಿರುವುದು ಚಪ್ಪಟೆಯಾ?'
'ಅಲ್ಲ.'
'ಎಷ್ಟು ಜಾರುತ್ತದೆ?'
ಎಲ್ಬಿಯೊ ಕ್ಯಾಲಿಪರ್ ತೆಗೆದ.
ನಡುವಿನಿಂದ ಒಂದೂವರೆ ಸೆಂಟಿಮೀಟರ್ ಸರಿದರೆ
ಮೂರು ಮಿಲಿಮೀಟರ್ ಕೆಳಗೆ.
'ಅದು ನಿನ್ನ ಬೆಳಕಿಗೆ ಗೊತ್ತಾ?
ನನ್ನ ಮಣಿಕಟ್ಟಿಗೆ ಗೊತ್ತಿತ್ತು.'

ಮೂರು ವಾರದ ಲೆಕ್ಕ ಒಂದು ಗುಟುಕಿಗೆ ತಲೆಕೆಳಗು.

ಸೂಜಿಮೊನೆಯ ಮಸೂರ ಮಟ್ಟಸದ ಮಡಿವಂತ,
ಒಂದು ಮಿಲಿಮೀಟರ್ ತಗ್ಗಿದರೆ ಸಾಕು, ಮಂಜು.
ದೂರ ನೋಡುವ ಮಸೂರದ ಗೆರೆ ಕೊಂಚ ದಪ್ಪ,
ಉಬ್ಬು ತಗ್ಗನ್ನು ಮನ್ನಿಸುತ್ತದೆ,
ತುಸು.
ಅದನ್ನೇ ತರಿಸಿದ, ಐದೇ ವ್ಯಾಟಿನದು.
ಜೊತೆಗೆ ಬಂದ ಹಸಿರು ಪ್ಲಾಸ್ಟಿಕ್ಕನ್ನು ನಂಬದೆ
ಲೇಸರಿನ ಅರ್ಧ ಬೆಲೆ ತೆತ್ತು
ಬೇರೆ ಕನ್ನಡಕ. ಎರಡು.

ಮಂಗಳವಾರ. ಕನ್ನಡಕದೊಳಗೆ ನದಿ ಕಿತ್ತಳೆ,
ಆಚೆ ದಡದ ಅರ್ಜೆಂಟೀನಾ ಕಿತ್ತಳೆ,
ಸೆಲ್ವಾಳ ನೆರೆತ ತಲೆಯೂ.
ಚುಕ್ಕಿ ಹೊರಟಿತು.
ಕೂದಲು ಸುಟ್ಟ ವಾಸನೆ.
ಹಳದಿ ಸಿಪ್ಪೆಯ ಮೇಲೆ ಕಂದು ರೆಕ್ಕೆ ಎದ್ದಿತು:
ತೇರೊ ಹಕ್ಕಿ, ನಮ್ಮ ಟಿಟ್ಟಿಭದ ದಾಯಾದಿ.
ಗೀಚಿದರೂ ಬರೆ, ಸುಟ್ಟರೂ ಬರೆ.
ನನ್ನ ನುಡಿಗೆ ಇದು ಮೊದಲೇ ಗೊತ್ತಿತ್ತೇನೋ.

ಸೆಲ್ವಾ ಉಗುರು ಆಡಿಸಿದಳು.
'ಸಿಗುತ್ತಿಲ್ಲ. ಇದು ಫೋಟೊ.
ಇನ್ನೊಂದು ಸಲ ಓಡಿಸು, ನಿಧಾನಕ್ಕೆ.'
ಓಡಿಸಿದ. ಉಗುರು ತಡೆಯಿತು.
ಅವಳು ಏನೂ ಅನ್ನಲಿಲ್ಲ, ಬುರುಡೆ ತಿರುಗಿಸಿದಳು.

ಕೆಳಗೆ, ಉಬ್ಬು ಮುಗಿದು ಜಾರುವಲ್ಲಿ
ಹಕ್ಕಿಯ ಕಾಲು ಕದಡಿಹೋಗಿತ್ತು.
ಎಲ್ಬಿಯೊ ಮತ್ತೆ ಟಿಕೆಟ್ ರೋಲಿಗೆ ಕೈ ಹಾಕಿದ:
ಹದಿನೈದು ಡಿಗ್ರಿ ವಾಲಿಸಿ, ಎರಡು ಕಂತಿನಲ್ಲಿ...

'ಬಿಡು,' ಅಂದಳು ಸೆಲ್ವಾ,
'ಕೇಳಿದರೆ ನೀರಲ್ಲಿ ನಿಂತಿದೆ ಅನ್ನು.'

ಹನ್ನೊಂದರಲ್ಲಿ ಇನ್ನು ಹತ್ತು ಬಾಕಿ.